ಬೆಂಚು ಬೇಕೆಂದರೆ ನವೆಂಬರಿನಲ್ಲಿ ಕೇಳಿ: ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್ ಜೊತೆ ಒಂದು ವರ್ಷ

ಮಾರ್ಚ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಗಳ ಮೇಲಿನ ಸ್ಥಳೀಯ ತೆರಿಗೆಯ ಬಿಲ್ ಬಂದಾಗ ಹೆಚ್ಚಿನವರ ಕಣ್ಣು ಹೋಗುವುದು ಕೊನೆಯ ಮೊತ್ತದ ಮೇಲೆ ಮಾತ್ರ. ಈ ಸಲ ಒಂದಿಷ್ಟು ನಿಧಾನವಾಗಿ ಓದಿ. ಕೌಂಟಿ, ಡಿಸ್ಟ್ರಿಕ್ಟ್, ಪೊಲೀಸ್, ಅಗ್ನಿಶಾಮಕ ಎಂಬ ದಪ್ಪ ಬಾಬ್ತುಗಳ ಕೆಳಗೆ ನಿಮ್ಮ ಹಳ್ಳಿಯದೋ ಪುಟ್ಟ ಪಟ್ಟಣದ್ದೋ ಹೆಸರು ಹೊತ್ತ ಸಣ್ಣ ಸಾಲೊಂದು ಇದ್ದರೆ, ನಿಮಗೊಂದು ಪ್ಯಾರಿಷ್ ಕೌನ್ಸಿಲ್ ಇದೆ. ಆಟದ ಮೈದಾನದ ಜೋಕಾಲಿ, ಬಸ್ ಸ್ಟಾಪಿನ ಮಾಡು, ಕೂರುವ ಬೆಂಚು, ನಾಯಿ ಗಲೀಜಿನ ಡಬ್ಬಿ, ಎಷ್ಟೋ ಕಡೆ ಸ್ಮಶಾನ ಮತ್ತು ಬೀದಿ ದೀಪ, ಇವುಗಳ ಉಸ್ತುವಾರಿ ಅದರದ್ದು.

ಹೆಸರು ಕೇಳಿ ಚರ್ಚಿನ ಸಮಿತಿ ಎಂದುಕೊಳ್ಳುವವರು ಬಹಳ. 1894ರ ಕಾಯ್ದೆ ಊರಿನ ಆಡಳಿತವನ್ನು ಚರ್ಚಿನಿಂದ ಬೇರ್ಪಡಿಸಿತು. ಆ ವರ್ಷದ ಡಿಸೆಂಬರಿನಲ್ಲೇ ಮೊದಲ ಚುನಾವಣೆಗಳೂ ನಡೆದವು. ಇವತ್ತಿನದು ಪೂರಾ ಚುನಾಯಿತ ಸಂಸ್ಥೆ. ನಮ್ಮ ಗ್ರಾಮ ಪಂಚಾಯಿತಿಯ ತಮ್ಮ ಎನ್ನಿ. ಆದರೆ ಈ ತಮ್ಮನ ಕೈಯಲ್ಲಿ ಸರ್ಕಾರದ ಯೋಜನೆಗಳ ಹಣ ಇಲ್ಲ. ಊರವರ ತೆರಿಗೆಯೇ ಮುಖ್ಯ ಆಧಾರ.

ಲಂಡನ್ನಿನಲ್ಲಿರುವವರು ಬಿಲ್ಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಲ್ಲಿರುವುದು 2014ರಲ್ಲಿ ಶುರುವಾದ ಕ್ವೀನ್ಸ್ ಪಾರ್ಕ್ ಒಂದೇ. ದೊಡ್ಡ ನಗರಗಳ ಒಳಭಾಗದಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಮಿಲ್ಟನ್ ಕೀನ್ಸ್‌ನಲ್ಲಿ ಮಾತ್ರ ಎಲ್ಲಿ ಮನೆ ಮಾಡಿದರೂ ಯಾವುದಾದರೊಂದು ಪ್ಯಾರಿಷ್‌ಗೆ ಸೇರಿರುತ್ತೀರಿ. ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಕಮ್ಯುನಿಟಿ ಕೌನ್ಸಿಲ್‌ಗಳ ನಿಯಮ ಬೇರೆ, ಅವನ್ನು ಇಲ್ಲಿ ಬೆರೆಸುವುದಿಲ್ಲ.

ಮೊದಲು ಮತದಾರರ ಪಟ್ಟಿ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹತ್ತು ವರ್ಷ ಕಳೆದವರಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿ: ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಇಲ್ಲಿ ಅವರಿಗೆ ವೋಟಿದೆ. ವರ್ಕ್ ವೀಸಾ, ಸ್ಟೂಡೆಂಟ್ ವೀಸಾ ಯಾವುದಾದರೂ ಸರಿ, ದೇಶದಲ್ಲಿರಲು ಕಾನೂನುಬದ್ಧ ಅನುಮತಿ ಇದ್ದರೆ ಸಾಕು. ಹೆಸರು ಸೇರಿಸಲು ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಸೇರಿಸಿರಬೇಕು. 2023ರ ಮೇ ತಿಂಗಳಿಂದ ಮತಗಟ್ಟೆಯಲ್ಲಿ ಫೋಟೊ ಗುರುತಿನ ಚೀಟಿ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಪಟ್ಟಿಯಲ್ಲಿ ಹೆಸರಿದ್ದರೆ ಬರೀ ವೋಟಲ್ಲ, ಮುಂದೆ ಹೇಳುವ ಇನ್ನೂ ಕೆಲವು ಹಕ್ಕುಗಳು ಅದರ ಬಾಲ ಹಿಡಿದು ಬರುತ್ತವೆ. ಅದಕ್ಕೇ ಇದು ಮೊದಲ ಹೆಜ್ಜೆ.

ನೋಟಿಸ್ ಬೋರ್ಡು ಓದುವ ಬಗೆ

ಪೋಸ್ಟ್ ಆಫೀಸಿನ ಬಳಿಯೋ ವಿಲೇಜ್ ಹಾಲಿನ ಗೋಡೆಯಲ್ಲೋ ಗಾಜಿನ ಬಾಗಿಲಿನ ಒಂದು ಬೋರ್ಡು ಇರುತ್ತದೆ. ಯೋಗ ಕ್ಲಾಸು, ಕಳೆದುಹೋದ ಬೆಕ್ಕು ಇವುಗಳ ನಡುವೆ ಸಭೆಯ ಅಜೆಂಡಾ ಹಾಳೆಯನ್ನು ಪಿನ್ ಮಾಡಿರುತ್ತಾರೆ. ಸಭೆಗೆ ಕನಿಷ್ಠ ಮೂರು ಪೂರ್ಣ ದಿನ ಮೊದಲು ಅದು ಅಲ್ಲಿರಬೇಕು. ಹಾಳೆ ಹಾಕಿದ ದಿನ, ಸಭೆಯ ದಿನ, ಭಾನುವಾರ, ಬ್ಯಾಂಕ್ ರಜೆ ಇವು ಲೆಕ್ಕಕ್ಕಿಲ್ಲ. ಹೆಚ್ಚಿನ ಕೌನ್ಸಿಲ್‌ಗಳು ವೆಬ್‌ಸೈಟಿನಲ್ಲೂ ಹಾಕುತ್ತವೆ.

ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಕೌನ್ಸಿಲ್ ತೀರ್ಮಾನ ಕೈಗೊಳ್ಳುವಂತಿಲ್ಲ. ಸಭೆಗೆ ಹೋಗಿ ಎದ್ದುನಿಂತು "ನಮ್ಮ ರಸ್ತೆಗೊಂದು ಡಬ್ಬಿ ಹಾಕಿ" ಎಂದರೆ ಅಧ್ಯಕ್ಷರು ನಗುಮುಖದಲ್ಲೇ ಕೇಳಿಸಿಕೊಂಡು ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಅದು ಉಡಾಫೆಯಲ್ಲ, ಕಾನೂನು. ಹಾಗಾಗಿ ಕ್ಲರ್ಕ್‌ಗೆ ಮೊದಲೇ ಇಮೇಲ್ ಬರೆಯಿರಿ. ಏನು ಬೇಕು, ಎಲ್ಲಿ, ಯಾಕೆ, ಅಂದಾಜು ಖರ್ಚೆಷ್ಟು, ಎರಡು ಪ್ಯಾರಾದಲ್ಲಿ ಮುಗಿಸಿ. ಹತ್ತು ದಿನ ಮೊದಲು ತಲುಪಿದರೆ ಅಜೆಂಡಾಕ್ಕೆ ಏರುವ ಸಾಧ್ಯತೆ ಹೆಚ್ಚು.

ಕ್ಲರ್ಕ್ ಎಂದರೆ ಗುಮಾಸ್ತ ಎಂದು ಹಗುರವಾಗಿ ಕಾಣಬೇಡಿ. ಸದಸ್ಯರು ಸಂಬಳವಿಲ್ಲದ ಊರವರು. ಕ್ಲರ್ಕ್ ಸಂಬಳ ಪಡೆಯುವ ಅಧಿಕಾರಿ, ನಮ್ಮ ಕಡೆಯ ಪಿಡಿಒ ಇದ್ದ ಹಾಗೆ. ಸಣ್ಣ ಊರುಗಳಲ್ಲಿ ವಾರಕ್ಕೆ ಕೆಲವೇ ಗಂಟೆ, ಅದೂ ತಮ್ಮ ಅಡುಗೆಮನೆಯ ಮೇಜಿನಿಂದಲೇ ಕೆಲಸ ಮಾಡುವವರಿದ್ದಾರೆ. ಉತ್ತರ ಎರಡು ದಿನ ತಡವಾದರೆ ಸಿಡುಕಬೇಡಿ. 2021ರ ಫೆಬ್ರುವರಿಯಲ್ಲಿ ಹ್ಯಾಂಡ್‌ಫರ್ತ್ ಎಂಬ ಊರಿನ ಝೂಮ್ ಸಭೆಯ ಜಗಳ ಜಗತ್ತೆಲ್ಲ ಸುತ್ತಿತಲ್ಲ, ಅದನ್ನು ನೋಡಿ ಎಲ್ಲ ಸಭೆಯೂ ಹಾಗೇ ಇರುತ್ತದೆ ಎಂದುಕೊಂಡವರಿಗೆ ನಿರಾಶೆ ಖಂಡಿತ. ಬಹುತೇಕ ಸಭೆಗಳಲ್ಲಿ ಹುಲ್ಲು ಕೊಯ್ಯುವ ಗುತ್ತಿಗೆಯೇ ದೊಡ್ಡ ನಾಟಕ.

ಸಭೆಗೆ ಹೋಗಿ ಕೂರುವ ಹಕ್ಕು ಎಲ್ಲರಿಗೂ ಇದೆ. ಆ ಹಕ್ಕು ಕೊಟ್ಟ 1960ರ ಕಾಯ್ದೆಯನ್ನು ಸಂಸತ್ತಿನಲ್ಲಿ ಮಂಡಿಸಿದ್ದು ಆಗಷ್ಟೇ ಗೆದ್ದು ಬಂದಿದ್ದ ಮಾರ್ಗರೆಟ್ ಥ್ಯಾಚರ್. 2014ರಿಂದ ಸಭೆಯನ್ನು ರೆಕಾರ್ಡ್ ಮಾಡಲೂಬಹುದು. ಮಾತಾಡಲು ಮಾತ್ರ ಸಾರ್ವಜನಿಕರಿಗೆಂದು ಬಿಟ್ಟ ಅವಧಿಯಲ್ಲಷ್ಟೇ ಅವಕಾಶ, ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ. ಆಮೇಲೆ ಸದಸ್ಯರು ನಿಮ್ಮದೇ ವಿಷಯ ಚರ್ಚಿಸುತ್ತಿದ್ದರೂ ಬಾಯಿ ಮುಚ್ಚಿ ಕೂರಬೇಕು. ನಮ್ಮ ಸಭೆಗಳ ಗದ್ದಲಕ್ಕೆ ಒಗ್ಗಿದವರಿಗೆ ಇದೇ ಕಷ್ಟ.

ನವೆಂಬರ್‌ನಿಂದ ಜನವರಿ: ದುಡ್ಡಿನ ಕಾಲ

ಹಣಕಾಸು ವರ್ಷ ಇಲ್ಲೂ ಏಪ್ರಿಲ್ 1ರಿಂದ ಮಾರ್ಚ್ 31. ಆದರೆ ನಿಜವಾದ ವರ್ಷ ಶುರುವಾಗುವುದು ನವೆಂಬರಿನಲ್ಲಿ, ಮುಂದಿನ ಬಜೆಟ್ಟಿನ ಕರಡು ಮೇಜಿಗೆ ಬಂದಾಗ. ಊರವರಿಂದ ಎತ್ತಬೇಕಾದ ಒಟ್ಟು ತೆರಿಗೆಗೆ ಪ್ರಿಸೆಪ್ಟ್ ಎನ್ನುತ್ತಾರೆ. ಕೌನ್ಸಿಲ್ ಅದನ್ನು ಹೆಚ್ಚಾಗಿ ಜನವರಿ ಸಭೆಯಲ್ಲಿ ನಿಗದಿ ಮಾಡಿ ಡಿಸ್ಟ್ರಿಕ್ಟ್‌ಗೆ ಕಳಿಸುತ್ತದೆ. ಮಾರ್ಚ್ 1ರೊಳಗೆ ಕಳಿಸುವುದು ಕಡ್ಡಾಯ. ಡಿಸ್ಟ್ರಿಕ್ಟ್ ಅದನ್ನು ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡಿಕೊಡುತ್ತದೆ.

ಲೆಕ್ಕ ಸರಳ. ಒಂದು ಊರಿನ ಪ್ರಿಸೆಪ್ಟ್ 40,000 ಪೌಂಡ್, ಆ ಊರಿನ ಮನೆಗಳು ಬ್ಯಾಂಡ್ ಡಿ (ಬೆಲೆಯ ಮೇಲೆ ಮನೆಗಳನ್ನು ವಿಂಗಡಿಸಿದ ತೆರಿಗೆ ದರ್ಜೆಗಳಲ್ಲಿ ಅಳತೆಗೋಲಾಗಿ ಹಿಡಿಯುವ ದರ್ಜೆ) ಲೆಕ್ಕದಲ್ಲಿ 800 ಎಂದಿಟ್ಟುಕೊಳ್ಳಿ. ಬ್ಯಾಂಡ್ ಡಿ ಮನೆಗೆ ವರ್ಷಕ್ಕೆ 50 ಪೌಂಡ್. ಆಟದ ಮೈದಾನಕ್ಕೆ 4,000 ಪೌಂಡಿನ ಹೊಸ ಸಾಮಾನು ಸೇರಿಸಿದರೆ 55. ಹೀಗೆ "ಮನೆಗೆ ಐದು ಪೌಂಡ್" ಎಂದು ಲೆಕ್ಕ ಹಿಡಿದು ಹೋದವರ ಮಾತಿಗೆ ತೂಕ ಬರುತ್ತದೆ. "ಮಕ್ಕಳಿಗೆ ಏನಾದರೂ ಮಾಡಿ" ಎಂಬ ಬೇಡಿಕೆ ನಡಾವಳಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ, ಅಷ್ಟೇ.

ನಾನು ಒತ್ತಿ ಹೇಳುವುದು ಇದನ್ನೇ. ಜನ ಬಿಲ್ ಬಂದ ಮೇಲೆ, ಬಿಸಿಲು ಬಂದ ಮೇಲೆ, ಮೇ ತಿಂಗಳಲ್ಲಿ ಸಭೆಗೆ ಬರುತ್ತಾರೆ. ಅಷ್ಟರಲ್ಲಿ ಹಣದ ಹಂಚಿಕೆ ಮುಗಿದಿರುತ್ತದೆ. ಜನವರಿಯ ಚಳಿರಾತ್ರಿ ಪ್ರಿಸೆಪ್ಟ್ ನಿಗದಿ ಮಾಡುವ ಸಭೆಯಲ್ಲಿ ಸಾರ್ವಜನಿಕರ ಕುರ್ಚಿಗಳು ಖಾಲಿ ಹೊಡೆಯುತ್ತಿರುತ್ತವೆ. ಒಬ್ಬರೇ ಹೋದರೂ ಎಲ್ಲರ ಕಣ್ಣು ನಿಮ್ಮ ಮೇಲೆ.

ಅಂದಹಾಗೆ, ಕೌನ್ಸಿಲ್ ಟ್ಯಾಕ್ಸ್ ಎರಡು ತಿಂಗಳು ಬಾಕಿ ಉಳಿಸಿಕೊಂಡ ಸದಸ್ಯರು ಪ್ರಿಸೆಪ್ಟ್ ಮೇಲೆ ವೋಟು ಹಾಕುವಂತಿಲ್ಲ, ಬಾಕಿ ಇರುವುದನ್ನು ಸಭೆಯಲ್ಲೇ ಹೇಳಿಕೊಳ್ಳಬೇಕು. ಈ ನಿಯಮ ಕರ್ನಾಟಕಕ್ಕೂ ಬಂದರೆ ಚೆನ್ನ ಎನಿಸುತ್ತದೆ.

ನವೆಂಬರಿನ ಎರಡನೇ ಭಾನುವಾರ ಯುದ್ಧ ಸ್ಮಾರಕದ ಬಳಿ ಅಧ್ಯಕ್ಷರು ಹೂಚಕ್ರ ಇಡುತ್ತಾರೆ. ಅವತ್ತು ಹೋಗಿ. ಸದಸ್ಯರ ಪರಿಚಯವಾಗಲು ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ರಾಜ್ಯೋತ್ಸವಕ್ಕೆ ವಿಲೇಜ್ ಹಾಲ್ ಬೇಕಾದವರು ಮಾತ್ರ ವಿಚಾರಿಸಿಕೊಳ್ಳಿ: ಬಹಳ ಕಡೆ ಹಾಲನ್ನು ನಡೆಸುವುದು ಬೇರೆಯೇ ಟ್ರಸ್ಟ್, ಬುಕ್ಕಿಂಗ್ ಕೇಳಬೇಕಾದ್ದು ಅವರನ್ನು.

ಮಾರ್ಚ್‌ನಿಂದ ಮೇ: ಎರಡು ಸಭೆ, ಒಂದೇ ಥರದ ಹೆಸರು

ಮಾರ್ಚ್ 1ರಿಂದ ಜೂನ್ 1ರ ನಡುವೆ ವಾರ್ಷಿಕ ಪ್ಯಾರಿಷ್ ಸಭೆ. ಇದು ಕೌನ್ಸಿಲ್ಲಿನದಲ್ಲ, ಊರವರದು. ಸಂಜೆ ಆರಕ್ಕೆ ಮೊದಲು ಶುರುವಾಗಬಾರದು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಮಾತಾಡಬಹುದು, ಕೈಯೆತ್ತಿ ವೋಟು ಹಾಕಬಹುದು. ನಮ್ಮ ಗ್ರಾಮಸಭೆಗೆ ಹತ್ತಿರದ್ದು ಇದೇ. ಇನ್ನೊಂದು ಕೌನ್ಸಿಲ್ಲಿನ ವಾರ್ಷಿಕ ಸಭೆ, ಮೇ ತಿಂಗಳಲ್ಲಿ. ಅಲ್ಲಿನ ಮೊದಲ ಕೆಲಸ ಅಧ್ಯಕ್ಷರ ಆಯ್ಕೆ. ನೀವು ನೋಡಬಹುದು, ಕೈಯೆತ್ತುವಂತಿಲ್ಲ.

ಜೂನ್, ಜುಲೈ: ಲೆಕ್ಕ ಕೇಳಿ

ಹಿಂದಿನ ವರ್ಷದ ಲೆಕ್ಕಪತ್ರಕ್ಕೆ ಕೌನ್ಸಿಲ್ ಜೂನ್ 30ರೊಳಗೆ ಒಪ್ಪಿಗೆ ಕೊಡಬೇಕು. ಬಳಿಕ 30 ಕೆಲಸದ ದಿನ ಪುಸ್ತಕ, ರಸೀದಿ, ಗುತ್ತಿಗೆ ಪತ್ರ ಎಲ್ಲ ನೋಡಲು ಸಿಗುತ್ತವೆ. ಜುಲೈನ ಮೊದಲ ಹತ್ತು ಕೆಲಸದ ದಿನ ಅದರೊಳಗೆ ಬರಲೇಬೇಕು. ದಿನಾಂಕ ಬೋರ್ಡಿನಲ್ಲಿ ಇರುತ್ತದೆ. ಮತದಾರರಾಗಿದ್ದರೆ ಹೊರಗಿನ ಆಡಿಟರ್‌ಗೆ ಪ್ರಶ್ನೆ ಹಾಕಬಹುದು, ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಆಕ್ಷೇಪಣೆ ತನಿಖೆಯ ಖರ್ಚು ಕೌನ್ಸಿಲ್ ಮೇಲೆ, ಅಂದರೆ ಸುತ್ತಿ ಬಳಸಿ ಊರವರ ಮೇಲೆಯೇ ಬೀಳುತ್ತದೆ. ಹಾಗಾಗಿ ಮೊದಲು ಕ್ಲರ್ಕ್‌ರನ್ನೇ ಕೇಳಿನೋಡುವುದು ಮರ್ಯಾದೆ.

ವರ್ಷವಿಡೀ: ಪಕ್ಕದವರ ಎಕ್ಸ್‌ಟೆನ್ಷನ್

ಕಟ್ಟಡದ ಅರ್ಜಿಗಳಿಗೆ ಅನುಮತಿ ಕೊಡುವುದು ಪ್ಯಾರಿಷ್ ಅಲ್ಲ, ಡಿಸ್ಟ್ರಿಕ್ಟ್ ಅಥವಾ (ಕೌಂಟಿ, ಡಿಸ್ಟ್ರಿಕ್ಟ್ ಎರಡರ ಕೆಲಸವನ್ನೂ ಒಂದೇ ಸಂಸ್ಥೆ ಮಾಡುವ ಕಡೆ) ಯೂನಿಟರಿ ಕೌನ್ಸಿಲ್. ಪ್ಯಾರಿಷ್ ತನ್ನ ಅಭಿಪ್ರಾಯ ಹೇಳುತ್ತದೆ, ಅದಕ್ಕೆ ಸಾಮಾನ್ಯವಾಗಿ 21 ದಿನ. ಅಷ್ಟರಲ್ಲಿ ನೀವೂ ನೇರವಾಗಿ ಬರೆಯಬಹುದು. ಎಂಥ ಕಾರಣ ನಿಲ್ಲುತ್ತದೆ ಎಂದು ತಿಳಿದು ಬರೆಯಿರಿ. ಬೆಳಕಿಗೆ ಅಡ್ಡ, ಮನೆಯೊಳಗೆ ಕಣ್ಣು ಬೀಳುವ ಕಿಟಕಿ, ವಾಹನ ದಟ್ಟಣೆ, ಇವು ನಡೆಯುತ್ತವೆ. "ನಮ್ಮ ಮನೆ ಬೆಲೆ ಬೀಳುತ್ತದೆ", "ಗುಡ್ಡದ ನೋಟ ತಪ್ಪುತ್ತದೆ", ಇವು ನಡೆಯುವುದಿಲ್ಲ. ಎಷ್ಟೇ ಜನ ಸಹಿ ಹಾಕಿದರೂ ಅಷ್ಟೇ.

ರಸ್ತೆ ಗುಂಡಿಗೂ ಪ್ಯಾರಿಷ್‌ಗೂ ಸಂಬಂಧವಿಲ್ಲ. ಅದು ಕೌಂಟಿಯ ಹೈವೇಸ್ ವಿಭಾಗದ್ದು. ಮನೆ ಕಸ ಡಿಸ್ಟ್ರಿಕ್ಟ್‌ನದ್ದು.

ಸೊಪ್ಪು ಬೆಳೆಯುವ ಜಾಗ

ನಮ್ಮವರು ಹೆಚ್ಚು ಕೇಳುವುದು ಅಲಾಟ್‌ಮೆಂಟ್ ಬಗ್ಗೆ. ಬಾಡಿಗೆಗೆ ಸಿಗುವ ತೋಟದ ತುಂಡು; ಹಳೆಯ ಅಳತೆಯ ಪೂರ್ತಿ ಪ್ಲಾಟ್ ಹತ್ತು ರಾಡ್, ಅಂದರೆ ಸುಮಾರು 250 ಚದರ ಮೀಟರ್. ಈಗ ಅರ್ಧ ಪ್ಲಾಟ್ ಕೊಡುವುದೇ ಹೆಚ್ಚು. ಮೊದಲ ಸಲದವರಿಗೆ ಅರ್ಧವೇ ಸಾಕು, ಕಳೆ ಕೀಳುವುದರಲ್ಲೇ ಮೇ ತಿಂಗಳು ಮುಗಿದುಹೋಗುತ್ತದೆ. ಮೆಂತ್ಯ, ಕೊತ್ತಂಬರಿ, ಹುರುಳಿಕಾಯಿ, ಸಿಹಿಗುಂಬಳ ಬಯಲಿನಲ್ಲೇ ಬರುತ್ತವೆ. ಬೆಂಡೆ, ಬದನೆಗೆ ಪಾಲಿಟನೆಲ್ (ಪ್ಲಾಸ್ಟಿಕ್ ಹೊದಿಕೆಯ ಬೆಚ್ಚನೆ ಮನೆ) ಇದ್ದರೆ ಮಾತ್ರ ಆಸೆ ಇಟ್ಟುಕೊಳ್ಳಿ, ಅದನ್ನು ಹಾಕಲು ಕೌನ್ಸಿಲ್ಲಿನ ಒಪ್ಪಿಗೆ ಬೇಕಾಗಬಹುದು.

ಕಾಯುವ ಪಟ್ಟಿ ಉದ್ದವಿದ್ದರೂ ಹೆಸರು ಬರೆಸಿ. ಊರಿನಲ್ಲಿ ಅಲಾಟ್‌ಮೆಂಟೇ ಇಲ್ಲವೇ? 1908ರ ಕಾಯ್ದೆ ಕೈಹಿಡಿಯುತ್ತದೆ. ಆರು ಮಂದಿ ಮತದಾರರೋ ಕೌನ್ಸಿಲ್ ಟ್ಯಾಕ್ಸ್ ಕಟ್ಟುವವರೋ ಸೇರಿ ಲಿಖಿತವಾಗಿ ಕೇಳಿದರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಬೇಡಿಕೆ ನಿಜ ಎಂದು ಕಂಡರೆ ಜಾಗ ಒದಗಿಸುವುದು ಅದರ ಕರ್ತವ್ಯ. ಆರು ಸಹಿಗೆ ಒಂದು ಬೀದಿ ಸಾಕು. ಜಮೀನು ಸಿಗಲು ವರ್ಷಗಳು ಹಿಡಿಯಬಹುದು ಎಂಬುದೂ ನಿಜ.

ನೀವೇ ಸದಸ್ಯರಾಗುವುದು

ಹಲವು ಊರುಗಳಲ್ಲಿ ಸ್ಥಾನಗಳಿಗಿಂತ ಅಭ್ಯರ್ಥಿಗಳೇ ಕಡಿಮೆ. ನಾಲ್ಕು ವರ್ಷಕ್ಕೊಮ್ಮೆ ಮೇ ತಿಂಗಳ ಮೊದಲ ಗುರುವಾರ ಚುನಾವಣೆ. ನಾಮಪತ್ರಕ್ಕೆ ಊರಿನ ಇಬ್ಬರು ಮತದಾರರ ಸಹಿ ಬೇಕು, ಠೇವಣಿ ಇಲ್ಲ. ವಯಸ್ಸು 18 ದಾಟಿರಬೇಕು. ಮತದಾರರಾಗಿರಬೇಕು, ಇಲ್ಲವೇ ಹಿಂದಿನ 12 ತಿಂಗಳು ಪೂರ್ತಿ ಊರಿನಲ್ಲಿ ಅಥವಾ ಅದರಿಂದ ಮೂರು ಮೈಲಿಯೊಳಗೆ ವಾಸವಿರಬೇಕು, ಅಥವಾ ಮುಖ್ಯ ಉದ್ಯೋಗ ಅಲ್ಲಿರಬೇಕು. ವೋಟಿಗೂ ಸ್ಪರ್ಧೆಗೂ ಇಲ್ಲೊಂದು ವ್ಯತ್ಯಾಸವಿದೆ. ವೋಟು ಹಾಕಲು ಯಾವ ವೀಸಾ ಆದರೂ ನಡೆಯುತ್ತದೆ. ಭಾರತದ ಪಾಸ್‌ಪೋರ್ಟಿನವರು ಸ್ಪರ್ಧಿಸಲು ಐಎಲ್‌ಆರ್, ಅಂದರೆ ಶಾಶ್ವತ ವಾಸದ ಅನುಮತಿ ಇರಬೇಕು.

ಅವಧಿಯ ನಡುವೆ ಸ್ಥಾನ ಖಾಲಿಯಾದರೆ ಬೋರ್ಡಿನಲ್ಲಿ ನೋಟಿಸ್ ಬರುತ್ತದೆ. 14 ಕೆಲಸದ ದಿನದೊಳಗೆ ಹತ್ತು ಮತದಾರರು ಚುನಾವಣೆ ಬೇಕೆಂದು ಕೇಳದಿದ್ದರೆ ಕೌನ್ಸಿಲ್ಲೇ ಒಬ್ಬರನ್ನು ಸೇರಿಸಿಕೊಳ್ಳಬಹುದು. ಕೋ-ಆಪ್ಷನ್ ಎನ್ನುವ ಈ ದಾರಿ ಹೊಸಬರಿಗೆ ಸುಲಭ. ಒಂದು ಪುಟದ ಪರಿಚಯ ಬರೆದು ಕ್ಲರ್ಕ್‌ಗೆ ಕಳಿಸಿ, ಅದಕ್ಕೂ ಮೊದಲು ಎರಡು ಸಭೆಗಳಲ್ಲಾದರೂ ಹಿಂದಿನ ಸಾಲಿನಲ್ಲಿ ಕುಳಿತಿರಿ. ಆಯ್ಕೆಯಾದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, 28 ದಿನದೊಳಗೆ ಉದ್ಯೋಗ, ಆಸ್ತಿ ಮುಂತಾದ ಹಿತಾಸಕ್ತಿಗಳ ವಿವರ ಕೊಡಬೇಕು. ಇದರಲ್ಲಿ ಗಂಡ ಅಥವಾ ಹೆಂಡತಿಯ ವಿವರವೂ ಸೇರುತ್ತದೆ. ಆ ಪಟ್ಟಿ ಸಾರ್ವಜನಿಕ, ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುವವರಿಗೆ ಇನ್ನೊಂದು ವಿಷಯ. ಆರು ತಿಂಗಳು ಒಂದೂ ಸಭೆಗೆ ಬಾರದಿದ್ದರೆ ಸ್ಥಾನ ತಾನಾಗಿ ಹೋಗುತ್ತದೆ. ಹೊರಡುವ ಮುನ್ನ ಕಾರಣ ಬರೆದು ಕೊಟ್ಟು, ಆರು ತಿಂಗಳು ತುಂಬುವುದರೊಳಗೆ ಕೌನ್ಸಿಲ್ ಅದನ್ನು ಒಪ್ಪಿ ನಡಾವಳಿಗೆ ಸೇರಿಸುವಂತೆ ನೋಡಿಕೊಂಡರೆ ಸ್ಥಾನ ಉಳಿಯುತ್ತದೆ.