ಟೇಪ್ ಹಿಂಜ್: ಎಲಿವೇಟರ್ ಕಿತ್ಕೊಂಡು ಬಿದ್ಮೇಲೆ ಕಲಿತಿದ್ದು

ಮೊದಲನೇ ಆರ್‌ಸಿ ಪ್ಲೇನ್, ಅಂದ್ರೆ ರಿಮೋಟಲ್ಲಿ ಹಾರ್ಸೋ ಪುಟ್ಟ ವಿಮಾನ, ಕಟ್ಟುವಾಗ ಮೋಟ್ರು, ಬ್ಯಾಟ್ರಿ, ಪ್ರೊಪೆಲ್ಲರ್ ಅಂತ ತಿಂಗಳುಗಟ್ಲೆ ತಲೆ ಕೆಡಿಸ್ಕೊಂಡಿದ್ದೆ, ರೆಕ್ಕೆಗೂ ಬಾಲಕ್ಕೂ ಆಡೋ ಭಾಗಗಳನ್ನ ಕೂಡ್ಸೋ ಹಿಂಜ್ ಬಗ್ಗೆ ಮಾತ್ರ ಐದು ನಿಮಿಷನೂ ಯೋಚ್ನೆ ಮಾಡಿರ್ಲಿಲ್ಲ. ಟೇಪ್ ತಾನೇ, ಪರ್ರ್ ಅಂತ ಎಳ್ದು ಅಂಟ್ಸಿದ್ರಾಯ್ತು ಅಂದ್ಕೊಂಡಿದ್ದೆ.

ಪ್ಲೇನು 5 ಎಂಎಂ ಡೆಪ್ರಾನ್ ಅನ್ನೋ ಫೋಮ್ ಶೀಟ್‌ದು, ರೆಕ್ಕೆ ಈ ತುದಿಯಿಂದ ಆ ತುದಿಗೆ ಒಂದು ಮೀಟ್ರು, ಎಲ್ರೂ ಹಾಕೋ ಅದೇ 2212 ಸೈಜಿನ ಮೋಟ್ರು, ಆಡೋ ಭಾಗಗಳನ್ನ ತಿರುಗ್ಸೋಕೆ 9 ಗ್ರಾಂ ಸರ್ವೋ ಅನ್ನೋ ಪುಟಾಣಿ ಮೋಟ್ರು. ಊರಲ್ಲಿ ರಾಗಿ ಕುಯ್ದಾದ್ಮೇಲೆ ಹೊಲ ಖಾಲಿ ಬಿದ್ದಿರುತ್ತಲ್ಲ, ಜನವರೀಲಿ ಒಂದಿನ ಬೆಳಿಗ್ಗೆ ಗಾಳಿ ಏಳೋಕ್ ಮುಂಚೆ ನಾನು ಅಕ್ಕನ ಮಗ ಇಬ್ರೂ ಹೋದ್ವಿ. ಮೊದಲ್ನೇ ಸಲ ಚೆನ್ನಾಗೇ ಹಾರ್ತು. ಎರಡನೇ ಸಲಕ್ಕೆ ನಂಗೆ ಸ್ವಲ್ಪ ಕೊಬ್ಬು ಬಂತು, ಫುಲ್ ಥ್ರಾಟಲ್ ಕೊಟ್ಟು ತಲೆ ಎತ್ತರದಲ್ಲಿ ನಮ್ಮ ಮುಂದೆ ಹಾಯ್ಸೋಣ ಅಂತ ಹೋದೆ, ಬಾಲದ ಕಡೆಯಿಂದ ಬರ್ರ್ರ್ ಅಂತ ಜೀರುಂಡೆ ಥರ ಸದ್ದು ಬಂತು, ಅದೇನು ಅಂತ ಅರ್ಥ ಆಗೋಷ್ಟರಲ್ಲಿ "ಮಾಮ, ಏನೋ ಬಿತ್ತು ನೋಡು" ಅಂದ ಹುಡ್ಗ. ಬಿದ್ದಿದ್ದು ಎಲಿವೇಟರ್, ಬಾಲದಲ್ಲಿ ಮೇಲೆ ಕೆಳಗೆ ಆಡಿ ಪ್ಲೇನಿನ ಮೂತಿ ಎತ್ತಿ ಇಳಿಸೋ ಪಟ್ಟಿ. ಅದರ ಹಿಂದೆನೇ ಪ್ಲೇನೂ ಮೂತಿ ಮುಂದಾಗಿ ಕೂಳೆ ಮೇಲೆ ಬಿತ್ತು.

ಮನೆಗ್ ತಂದು ಆ ಟೇಪ್ ತಿರುಗಿಸಿ ನೋಡಿದ್ರೆ ಅಂಟಿನ ತುಂಬಾ ಬಿಳೀ ಹಿಟ್ಟು. ಉಪ್ಪು ಕಾಗದದಲ್ಲಿ ಅಂಚು ಉಜ್ಜಿದ್ನಲ್ಲ, ಆ ಪುಡಿ ಒರೆಸದೇ ಮೇಲೆನೇ ಟೇಪ್ ಅಂಟ್ಸಿದ್ದೆ, ಅಂದ್ರೆ ಟೇಪ್ ಹಿಡ್ಕೊಂಡಿದ್ದು ಪುಡೀನ, ಶೀಟ್‌ನ ಅಲ್ಲ. ಸಾಲದ್ದಕ್ಕೆ ಮಧ್ಯ ಸಂದು ಹತ್ತತ್ರ 3 ಎಂಎಂ ಬಿಟ್ಟಿದ್ದೆ, ಲೂಸಾಗಿದ್ರೆ ಸಲೀಸಾಗಿ ಆಡುತ್ತೆ ಅಂತ ನನ್ನ ಲೆಕ್ಕ. ಅಷ್ಟು ಸಂದು ಇದ್ರೆ ಎಲಿವೇಟರ್ ಬರೀ ಮೇಲೆ ಕೆಳಗೆ ಮಡಚೋದಲ್ಲ, ಹಿಂದೆ ಮುಂದೆನೂ ಅಲ್ಲಾಡುತ್ತೆ, ಸ್ಪೀಡಲ್ಲಿ ಗಾಳಿ ಸಿಕ್ರೆ ಪಟಪಟ ಅಂತ ಹೊಡ್ಕೊಳ್ಳೋಕೆ ಶುರು ಮಾಡುತ್ತೆ. ಇದಕ್ಕೇ ಫ್ಲಟರ್ ಅನ್ನೋದು. ಆ ಜೀರುಂಡೆ ಸದ್ದು ಅದೇ. ಶುರುವಾದ್ರೆ ಒಂದೆರಡು ಸೆಕೆಂಡು ಸಾಕು, ಎಲ್ಲಿ ವೀಕ್ ಇದ್ಯೋ ಅಲ್ಲಿ ಕಿತ್ಕೊಳ್ಳುತ್ತೆ.

ಈಗ ನಾನ್ ಮಾಡೋ ರೀತಿ ಹೇಳ್ತೀನಿ. ಆಡೋ ಭಾಗ, ಅಂದ್ರೆ ಏಲೆರಾನೋ (ರೆಕ್ಕೆ ಹಿಂದಿನ ಅಂಚಲ್ಲಿ ಆಡೋ ಪಟ್ಟಿ) ಎಲಿವೇಟರೋ, ಅದರ ಮುಂದಿನ ಅಂಚನ್ನ ಕೆಳಗಡೆಯಿಂದ 45 ಡಿಗ್ರಿ ಓರೆ ತೆಗೀಬೇಕು. ಟೇಪ್ ಮೇಲ್ಗಡೆ ಇರೋದ್ರಿಂದ ಮೇಲಕ್ಕೆ ಹೋಗುವಾಗ ಏನೂ ತಡೆಯಲ್ಲ, ಕೆಳಕ್ಕೆ ಇಳಿಯುವಾಗ ಮಾತ್ರ ಎರಡು ಅಂಚು ಒಂದಕ್ಕೊಂದು ಗುದ್ದುತ್ತೆ, ಅದಕ್ಕೇ ಓರೆ. ಶೀಟನ್ನ ಟೇಬಲ್ ಅಂಚಿಗೆ ಸರಿಯಾಗಿ ಇಟ್ಟು ಕಬ್ಬಿಣದ ಸ್ಕೇಲ್ ಒತ್ತಿ ಹಿಡಿದು ಕಟರ್‌ನ ಓರೆಯಾಗಿ ಒಂದೇ ಉಸುರಿಗೆ ಎಳೀತೀನಿ. ಬ್ಲೇಡ್ ಹೊಸದೇ ಬೇಕು, ಹಳೇ ಬ್ಲೇಡ್ ಫೋಮನ್ನ ಕುಯ್ಯಲ್ಲ, ಪರಚುತ್ತೆ. ಆಮೇಲೆ ಸಣ್ಣದಾಗಿ ಉಜ್ಜಿ, ಪುಡಿ ಊದಿ, ಬಟ್ಟೇಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸ್ತೀನಿ. ಥಿನ್ನರು, ಅಸಿಟೋನು, ಪೆಟ್ರೋಲು ಹತ್ರಕ್ಕೂ ತರ್ಬೇಡಿ, ಡೆಪ್ರಾನೂ ಥರ್ಮೋಕೋಲೂ ಒಂದೇ ಜಾತಿ, ಕರಗಿ ಗೊಂದು ಥರ ಆಗ್ಬಿಡುತ್ತೆ. ಫೆವಿಕ್ವಿಕ್ಕೂ ಹಂಗೇ ತಿನ್ನುತ್ತೆ.

ಸಂದಿಗೆ ಅಳತೆ ಪಟ್ಟಿ ಏನೂ ಬೇಡ. ಎರಡು ವಿಸಿಟಿಂಗ್ ಕಾರ್ಡ್ ಜೋಡಿಸಿ ಎರಡೂ ಭಾಗದ ಮಧ್ಯ ನಿಲ್ಲಿಸಿದ್ರೆ ಅರ್ಧ ಎಂಎಂ ಚಿಲ್ಲರೆ ಆಗುತ್ತೆ, ಅಷ್ಟೇ ಸಾಕು. ಪೂರ್ತಿ ಒತ್ತಿ ಸೇರಿಸಿದ್ರೆ ಹಿಂಜ್ ಬಿಗಿ ಬರುತ್ತೆ, ಆಗ ಪಾಪ ಆ 9 ಗ್ರಾಂ ಸರ್ವೋ ಟೇಪ್ ಜೊತೇಲೇ ಕುಸ್ತಿ ಮಾಡ್ಬೇಕು, ರಿಮೋಟಿನ ಸ್ಟಿಕ್ ಬಿಟ್ರೂ ನಡುವಿಗೆ ಸರಿಯಾಗಿ ವಾಪಸ್ ಬರಲ್ಲ.

ಕಾರ್ಡ್ ತೆಗೆದು ಅಲ್ಲಲ್ಲಿ ಚಿಕ್ಕ ಟೇಪ್ ತುಂಡಲ್ಲಿ ಜಾಗ ಕದಲದ ಹಂಗೆ ಹಿಡ್ಸಿ, ಆಮೇಲೆ ಉದ್ದಕ್ಕೂ ಮೇಲ್ಗಡೆ ಟೇಪ್ ಹಾಕ್ತೀನಿ. ಇಲ್ಲೊಂದು ತಪ್ಪು ಎಲ್ರೂ ಮಾಡ್ತಾರೆ, ನಾನೂ ಮಾಡಿದ್ದೆ, ರೋಲಿಂದ ಎಳ್ಕೊಂಡು ಬಿಗಿಯಾಗಿ ಅಂಟ್ಸೋದು. ಎಳೆದ ಟೇಪ್ ಆಮೇಲೆ ನಿಧಾನಕ್ಕೆ ಕುಗ್ಗುತ್ತೆ, ಬೆಳಿಗ್ಗೆ ಎದ್ದು ನೋಡಿದ್ರೆ ಏಲೆರಾನ್ ಹಪ್ಪಳದ ಥರ ಸೊಟ್ಟ! ಮೊದಲೇ ಬೇಕಾದಷ್ಟು ಉದ್ದ ಕತ್ತರಿಸ್ಕೊಂಡು, ಸಡಿಲವಾಗಿ ಇಟ್ಟು, ಮಧ್ಯದಿಂದ ತುದಿ ಕಡೆಗೆ ಬೆರಳಲ್ಲಿ ಸವರ್ತಾ ಹೋಗಿ, ಕೊನೇಲಿ ಚಮಚದ ಬೆನ್ನಲ್ಲಿ ಉಜ್ಜಿ. ಎರಡೂ ತುದೀಲಿ ಒಂದೊಂದು ಸೆಂಟಿಮೀಟ್ರು ಜಾಸ್ತಿ ಬಿಟ್ಟು ಕೆಳಕ್ಕೆ ಮಡಚಿ ಅಂಟ್ಸಿ, ಕೀಳೋಕೆ ಶುರುವಾಗೋದೇ ತುದಿಯಿಂದ.

ಇಷ್ಟಕ್ಕೇ ಕೈ ತೊಳ್ಕೊಂಡ್ರೆ ಅರ್ಧ ಕೆಲ್ಸ ಆದಂಗೆ. ಈಗ ಏಲೆರಾನ್‌ನ ಪೂರ್ತಿ ಮೇಲಕ್ಕೆ ಮಗುಚಿ ರೆಕ್ಕೆ ಮೇಲೇ ಮಲಗ್ಸಿ, ಪುಸ್ತಕ ತಿರುವಿ ಹಾಕ್ದಂಗೆ. ಒಳಗಿನ ಎರಡು ಅಂಚೂ, ಮಧ್ಯದ ಸಂದೀಲಿ ಮೊದಲ್ನೇ ಟೇಪಿನ ಅಂಟೂ ಕಾಣ್ಸುತ್ತೆ. ಅದರ ಮೇಲೆ ಎರಡನೇ ಟೇಪ್, ಸ್ವಲ್ಪ ಅಗಲ ಕಮ್ಮೀದು, ಒಳಗಡೆಯಿಂದ ಹಾಕ್ಬೇಕು, ಸಂದೀಲಿ ಅಂಟಿಗೆ ಅಂಟು ಕೂತ್ಕೊಳ್ಳೋ ಹಂಗೆ ಉಗುರಲ್ಲಿ ಒತ್ಬೇಕು. ಇದ್ರಿಂದ ಸಂದೀಲಿ ಧೂಳು ಹಿಡಿಯಲ್ಲ, ಮೇಲಿನ ಟೇಪ್ ಏಳೋಕೆ ನೋಡಿದ್ರೂ ಒಳಗಿಂದು ಬಿಡಲ್ಲ. ನನ್ನ ಮೊದಲ್ನೇ ಪ್ಲೇನಲ್ಲಿ ಇದು ಇರ್ಲೇ ಇಲ್ಲ.

ಮುಗಿದ್ಮೇಲೆ ಏಲೆರಾನ್ ಕೆಳಗೆ ಜೋತು ಬೀಳೋ ಥರ ರೆಕ್ಕೆ ಹಿಡ್ಕೊಂಡು ಉಫ್ ಅಂತ ಊದಿ ನೋಡ್ತೀನಿ, ತೂಗಾಡ್ಬೇಕು. ಆಮೇಲೆ ಹಿಂದಕ್ಕೆ ಮುಂದಕ್ಕೆ ಎಳೆದು ನೋಡ್ತೀನಿ, ಅದು ಮಾತ್ರ ಕದಲ್ಬಾರ್ದು.

ಯಾವ ಟೇಪು ಅಂತ ಕೇಳೋರಿಗೆ, ನಾನ್ ಹಾಕೋದು ಡಬ್ಬ ಪ್ಯಾಕ್ ಮಾಡೋ ಎರಡಿಂಚಿನ ಟ್ರಾನ್ಸ್‌ಪರೆಂಟ್ ಟೇಪ್, ಉದ್ದುದ್ದ ಅರ್ಧಕ್ಕೆ ಸೀಳ್ಕೊಂಡು. ಸ್ಕೂಲ್ ಮಕ್ಕಳು ಹಾಕೋ ತೆಳು ಸೆಲ್ಲೋಟೇಪ್ ಬೇಡ, ಬಿಸ್ಲಿಗೆ ಹಳದಿಯಾಗಿ ಹಪ್ಪಳದಂಗೆ ಮುರಿಯುತ್ತೆ. ವಿದೇಶದ ಗ್ಲೈಡರ್‌ನವರು 3ಎಂ ಬ್ಲೆಂಡರ್ಮ್ ಅನ್ನೋ ಸರ್ಜಿಕಲ್ ಟೇಪ್ ಹಾಕ್ತಾರೆ ಅಂತ ಓದಿ ನಮ್ಮ ಮೆಡಿಕಲ್ ಸ್ಟೋರಿಗೆ ಹೋಗಿದ್ದೆ, ಆತ "ಎಲ್ಲಿ ಸಾರ್ ಗಾಯ?" ಅಂತ ಕೇಳಿ ಪೇಪರ್ ಟೇಪ್ ಕೊಟ್ಟ, ವಿಮಾನದ ಬಾಲಕ್ಕೆ ಅಂತ ಹೇಳೋಕೆ ನಾಚಿಕೆ ಆಗಿ ತಗೊಂಡು ಬಂದೆ. ಇನ್ನೂ ಡ್ರಾಯರಲ್ಲಿದೆ, ಹಿಂಜಿಗಂತೂ ಬರಲ್ಲ.

ಪೆಟ್ರೋಲ್ ಇಂಜಿನ್ನು, ಗ್ಲೋ ಇಂಜಿನ್ನು ಇರೋ ಪ್ಲೇನಿಗೆ ಇದನ್ನ ನಂಬ್ಬೇಡಿ, ಸೈಲೆನ್ಸರ್ ಉಗುಳೋ ಎಣ್ಣೆಗೆ ಅಂಟು ಬಿಟ್ಕೊಳ್ಳುತ್ತೆ. ಪೇಪರ್ ಹೊದಿಕೆಯ ಫೋಮ್ ಬೋರ್ಡ್ ಆದ್ರೆ ಕೆಳಗಿನ ಪೇಪರೂ ಫೋಮೂ ಕುಯ್ದು ಮೇಲಿನ ಪೇಪರ್ ಉಳಿಸ್ಕೊಂಡು ಅದನ್ನೇ ಹಿಂಜ್ ಮಾಡಿ, ಅದರ ಮೇಲೆ ಟೇಪ್ ಹಾಕೋದು ಗಟ್ಟಿ.

ಅಕ್ಕನ ಮಗ ಈಗ ಸ್ವಂತ ಪ್ಲೇನ್ ಮಾಡ್ಕೊಂಡಿದಾನೆ, ಹಳೇ ಎಲೆಕ್ಷನ್ ಬೋರ್ಡಿನ ಸನ್‌ಪ್ಯಾಕ್ ಶೀಟಲ್ಲಿ, ಎರಡು ಪದರದ ಮಧ್ಯ ಟೊಳ್ಳು ಇರೋ ಪ್ಲಾಸ್ಟಿಕ್ ಶೀಟು ಅದು. ಒಂದು ಪದರ ಮಾತ್ರ ಕುಯ್ದು ಇನ್ನೊಂದನ್ನೇ ಹಿಂಜ್ ಮಾಡಿದಾನೆ, ಟೇಪ್ ಗೀಪ್ ಏನೂ ಇಲ್ಲ. ನನ್ನದಕ್ಕಿಂತ ಭಾರ, ಎರಡು ಸಲ ಬೇಲಿಗೆ ನುಗ್ಗಿಸಿದಾನೆ, ಹಿಂಜಿಗೆ ಮಾತ್ರ ಇನ್ನೂ ಏನೂ ಆಗಿಲ್ಲ. ರೆಕ್ಕೆ ಮೇಲೆ ಅಭ್ಯರ್ಥಿಯ ಅರ್ಧ ಮೀಸೆ ಇದೆ.