ವಾರಕ್ಕೆ ಒಂದು ಗಂಟೆ, ಒಂದೇ ಮಗು: ಶಾಲಾ ಮಕ್ಕಳಿಗೆ ಮಾರ್ಗದರ್ಶಕರಾಗುವುದು ಹೇಗೆ?

ಶಾಲಾ ಮಕ್ಕಳಿಗೆ ಮಾರ್ಗದರ್ಶನ ಮಾಡಲು ಸ್ವಯಂಪ್ರೇರಣೆಯಿಂದ ಬರುವವರಲ್ಲಿ ಒಳ್ಳೆಯ ಮನಸ್ಸಿಗೆ ಕೊರತೆಯಿಲ್ಲ. ಹೇಳಿದ ದಿನ ಬರುವುದು, ಬಂದ ಮೇಲೆ ಸುಮ್ಮನಿರುವುದು, ಈ ಎರಡರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಒಂದು ಗಂಟೆಯ ಭೇಟಿಯಲ್ಲಿ ಮುಕ್ಕಾಲು ಗಂಟೆ ತಾವೇ ಮಾತನಾಡಿ, ಕೊನೆಗೆ ‘ಅರ್ಥವಾಯಿತೇ?’ ಎಂದು ಕೇಳಿ, ಮಗು ತಲೆಯಾಡಿಸಿದ್ದನ್ನು ನೋಡಿ ತೃಪ್ತಿಯಿಂದ ಹೊರಡುವವರನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಅಂಥವರು ಬರುವುದು ನಿಂತ ಮೇಲೆ, ‘ಈ ವಾರವೂ ಅವರು ಬರುವುದಿಲ್ಲವೇ?’ ಎಂದು ಮಕ್ಕಳು ಶಿಕ್ಷಕಿಯನ್ನು ಕೇಳುವುದನ್ನೂ ನೋಡಿದ್ದೇನೆ. ಹೆಸರು ಕೊಡುವ ಮೊದಲೇ ಈ ಕೆಲಸದ ಬಗೆ ತಿಳಿದಿರಲಿ.

ಮೊದಲು ಸಮಯ, ಆಮೇಲೆ ಅರ್ಜಿ

ಒಂದು ಪೂರ್ತಿ ಶಾಲಾ ವರ್ಷ, ವಾರಕ್ಕೊಂದು ದಿನ, ಅದೇ ಹೊತ್ತಿಗೆ ಬರಲು ನಿಮ್ಮಿಂದ ಆಗುತ್ತದೆಯೇ? ಉತ್ತರ ‘ನೋಡೋಣ’ ಎಂದಿದ್ದರೆ ಈ ವರ್ಷ ಬೇಡ. ಶಾಲೆಗೆ ಬೇರೆ ರೀತಿಯಲ್ಲಿ ನೆರವಾಗಿ. ಗ್ರಂಥಾಲಯದ ಹರಿದ ಪುಸ್ತಕಗಳನ್ನು ಸರಿಪಡಿಸಿಕೊಡಿ, ವಾರ್ಷಿಕೋತ್ಸವದ ಕೆಲಸಕ್ಕೆ ಕೈಜೋಡಿಸಿ. ಇದನ್ನು ಇಷ್ಟು ಕಟ್ಟುನಿಟ್ಟಾಗಿ ಹೇಳಲು ಕಾರಣವಿದೆ. ಅಮೆರಿಕದಲ್ಲಿ 1904ರಲ್ಲಿ ಬೇರೂರಿದ, ಮಕ್ಕಳಿಗೆ ದೊಡ್ಡವರೊಬ್ಬರನ್ನು ಮಾರ್ಗದರ್ಶಕರಾಗಿ ಜೊತೆಮಾಡುವ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಕಾರ್ಯಕ್ರಮದ ಮಕ್ಕಳನ್ನು ಆಧರಿಸಿ ಸಂಶೋಧಕಿಯರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಾರ್ಗದರ್ಶಕರೊಂದಿಗಿನ ನಂಟು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದ ಮಕ್ಕಳಲ್ಲಿ ಅತಿ ಹೆಚ್ಚು ಸುಧಾರಣೆ ಕಂಡಿತ್ತು. ಮೂರು ತಿಂಗಳೊಳಗೆ ನಂಟು ಕಡಿದ ಮಕ್ಕಳಲ್ಲಿ ತಮ್ಮ ಬಗ್ಗೆ ತಮಗಿದ್ದ ಗೌರವ ಮೊದಲಿಗಿಂತಲೂ ಕುಸಿದಿತ್ತು. ಅರ್ಧಕ್ಕೆ ಬಿಡುವುದಕ್ಕಿಂತ ಆರಂಭಿಸದಿರುವುದೇ ಮಗುವಿಗೆ ಕ್ಷೇಮ.

ಶಾಲೆಯೊಂದಿಗಿನ ಮಾತುಕತೆ

ಮುಖ್ಯ ಶಿಕ್ಷಕರನ್ನು ಕಂಡು ಅರ್ಜಿ, ಗುರುತಿನ ದಾಖಲೆ, ಹಿನ್ನೆಲೆ ಪರಿಶೀಲನೆಗೆ ಒಪ್ಪಿಗೆ ಎಲ್ಲವನ್ನೂ ಕೊಡಿ. ಪೋಷಕರ ಲಿಖಿತ ಒಪ್ಪಿಗೆ ಬರುವವರೆಗೆ ಮಗುವನ್ನು ಭೇಟಿಯಾಗಬೇಡಿ. ಶಾಲೆ ಇವನ್ನು ಕೇಳದಿದ್ದರೆ ನೀವಾಗಿಯೇ ಕೇಳಿ ಮಾಡಿಸಿಕೊಳ್ಳಿ. ಭೇಟಿ ಶಾಲೆಯ ಆವರಣದಲ್ಲಿಯೇ, ಬೇರೆಯವರ ಕಣ್ಣಿಗೆ ಬೀಳುವ ಜಾಗದಲ್ಲಿಯೇ ನಡೆಯಬೇಕು. ಗ್ರಂಥಾಲಯದ ಮೂಲೆ ಒಳ್ಳೆಯದು. ಬಾಗಿಲು ಮುಚ್ಚಿದ ಕೋಣೆ ಎಂದಿಗೂ ಬೇಡ.

‘ಸಮಯ ಇದೆಯಲ್ಲ, ಒಟ್ಟಿಗೆ ನಾಲ್ಕು ಮಕ್ಕಳನ್ನು ನೋಡಿಕೊಳ್ಳಿ’ ಎಂದು ಶಾಲೆಯವರು ಕೇಳಬಹುದು. ಒಪ್ಪಬೇಡಿ. ನಾಲ್ವರಾದರೆ ಅದು ಟ್ಯೂಷನ್ ಆಗುತ್ತದೆ. ಟ್ಯೂಷನ್ ಕೆಟ್ಟದ್ದಲ್ಲ, ಆದರೆ ಅದು ಬೇರೆ ಕೆಲಸ.

ತರಗತಿ ಶಿಕ್ಷಕಿಯೊಂದಿಗೆ ಹತ್ತು ನಿಮಿಷ ಮಾತನಾಡಿ. ಈ ಮಗು ಯಾವಾಗ ಖುಷಿಯಾಗಿರುತ್ತದೆ, ಓದುವಾಗ ಎಲ್ಲಿ ತಡವರಿಸುತ್ತದೆ, ಮನೆಯ ವಿಷಯದಲ್ಲಿ ಯಾವ ಮಾತು ಎತ್ತಬಾರದು ಎಂಬುದನ್ನು ಕೇಳಿ. ಅಂಕಪಟ್ಟಿ ಕೇಳಬೇಡಿ. ಅಂಕಗಳನ್ನು ನೋಡಿಕೊಂಡು ಹೋದವರ ಮೊದಲ ಪ್ರಶ್ನೆಯೇ ‘ಗಣಿತದಲ್ಲಿ ಯಾಕೆ ಕಡಿಮೆ?’ ಎಂದಾಗುತ್ತದೆ. ಅಲ್ಲಿಗೆ ಮಗುವಿನ ಬಾಯಿ ಮುಚ್ಚಿತು.

ಮೊದಲ ನಾಲ್ಕೈದು ಭೇಟಿಗಳು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮಗು ಮಾತನಾಡುವುದಿಲ್ಲ, ದೊಡ್ಡವರಿಗೆ ಆ ಮೌನ ತಡೆಯುವುದಿಲ್ಲ. ತಡೆಯಲಾಗದೆ ತಮ್ಮ ಬಾಲ್ಯದ ಕಷ್ಟ, ಶಿಸ್ತಿನ ಮಹತ್ವ, ಗೆದ್ದವರ ಕಥೆಗಳನ್ನು ಸುರಿಯತೊಡಗುತ್ತಾರೆ. ಮಗು ಇನ್ನಷ್ಟು ಒಳಗೆ ಸರಿಯುತ್ತದೆ.

ಮೊದಲು ಕೂರುವ ರೀತಿ ಸರಿಪಡಿಸಿಕೊಳ್ಳಿ. ಎದುರುಬದುರು ಕೂತರೆ ಅದು ಸಂದರ್ಶನದಂತೆ ಕಾಣುತ್ತದೆ. ಮೇಜಿನ ಮೂಲೆಯ ಎರಡು ಬದಿಗಳಲ್ಲಿ ಕುಳಿತುಕೊಳ್ಳಿ. ಆಗ ಬೇಕೆಂದಾಗ ಮುಖ ನೋಡಬಹುದು, ಬೇಡವೆಂದಾಗ ಪುಸ್ತಕ ನೋಡಬಹುದು. ಕೈಗೆ ಏನಾದರೂ ಕೆಲಸವಿರಲಿ: ಬಿಳಿ ಹಾಳೆ, ಬಣ್ಣದ ಪೆನ್ಸಿಲ್, ಚದುರಂಗದ ಮಣೆ. ಕೈ ಆಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ನಿಮ್ಮ ಮೊಬೈಲ್ ಚೀಲದೊಳಗೆ ಇರಲಿ. ಮೇಜಿನ ಮೇಲೆ ಕವುಚಿ ಇಟ್ಟರೆ ಸಾಲದು.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ. ಅದನ್ನು 3 ಸೆಕೆಂಡ್ ಅಥವಾ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ನನ್ನ ಸಲಹೆ ಇನ್ನೂ ಹೆಚ್ಚಿನದು: ಮನಸ್ಸಿನಲ್ಲಿ ನಿಧಾನವಾಗಿ ಹತ್ತರವರೆಗೆ ಎಣಿಸಿ. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಸ್ವಲ್ಪ ಕಾಯಿರಿ. ನಿಜವಾದ ಮಾತು ಎಷ್ಟೋ ಬಾರಿ ಆ ಎರಡನೆಯ ಮೌನದ ನಂತರ ಬರುತ್ತದೆ.

ಪ್ರಶ್ನೆ ಯಾವುದು? ‘ಶಾಲೆ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬುದೊಂದೇ ಉತ್ತರ. ‘ದೊಡ್ಡವನಾದ ಮೇಲೆ ಏನಾಗುತ್ತೀಯ?’ ಎಂಬುದನ್ನಂತೂ ಬಿಟ್ಟೇಬಿಡಿ. ಆ ಪ್ರಶ್ನೆಗೆ ಮಕ್ಕಳು ದೊಡ್ಡವರಿಗೆ ಇಷ್ಟವಾಗುವ ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಂಡಿರುತ್ತಾರೆ. ಸಣ್ಣದನ್ನು, ನಿರ್ದಿಷ್ಟವಾದುದನ್ನು ಕೇಳಿ. ‘ಇವತ್ತು ಯಾವ ಪಿರಿಯಡ್ ಬೇಗ ಮುಗಿದಂತೆ ಅನಿಸಿತು?’ ‘ಈ ಲೆಕ್ಕದಲ್ಲಿ ಎಲ್ಲಿಯವರೆಗೆ ಗೊತ್ತಾಯಿತು?’

ಆದರೂ ಮಾತು ಬಾರದಿದ್ದರೆ ಜೋಡಿ ಓದನ್ನು ಆರಂಭಿಸಿ. ಬ್ರಿಟನ್ನಿನಲ್ಲಿ ರೋಜರ್ ಮಾರ್ಗನ್ ರೂಪಿಸಿ, ಕೀತ್ ಟಾಪಿಂಗ್ ಬೆಳೆಸಿದ ವಿಧಾನವಿದು. ಇದಕ್ಕೆ ಸಾಮಗ್ರಿಯೂ ಬೇಡ, ಖರ್ಚೂ ಇಲ್ಲ. ಪುಸ್ತಕ ಮಗುವಿನ ಆಯ್ಕೆ. ಕ್ರಿಕೆಟ್ ಪುಟವಾದರೂ ಸರಿ, ಕಾಮಿಕ್ಸ್ ಆದರೂ ಸರಿ. ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದಬೇಕು. ನಿಮ್ಮ ವೇಗ ಮಗುವಿನ ವೇಗಕ್ಕೆ ಇಳಿಯಬೇಕು. ಒಂಟಿಯಾಗಿ ಓದಬೇಕೆನಿಸಿದಾಗ ಮಗು ಮೇಜು ತಟ್ಟುತ್ತದೆ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ತಟ್ಟಿದ ತಕ್ಷಣ ನೀವು ನಿಲ್ಲಿಸಿ. ಮಗು ಒಂದು ಪದದಲ್ಲಿ ತಡೆದರೆ ನಾಲ್ಕೈದು ಸೆಕೆಂಡ್ ಬಿಡಿ. ಆಗಲೂ ಬಾರದಿದ್ದರೆ ಆ ಪದವನ್ನು ಸರಿಯಾಗಿ ಹೇಳಿ, ಮಗುವಿನಿಂದ ಒಮ್ಮೆ ಹೇಳಿಸಿ, ಮತ್ತೆ ಜೊತೆಯಾಗಿ ಓದುತ್ತ ಮುಂದುವರಿಯಿರಿ. ‘ಕೂಡಿಸಿ ಓದು’, ‘ನಿನ್ನೆಯಷ್ಟೇ ಹೇಳಿಕೊಟ್ಟಿದ್ದೆ’ ಎಂಬ ಮಾತುಗಳು ಬೇಡ. ಮುಜುಗರವಿಲ್ಲದೆ ತಪ್ಪು ಮಾಡಲು ಇಲ್ಲಿ ಅವಕಾಶವಿದೆ. ಮಕ್ಕಳು ಬಹುಬೇಗ ಹತ್ತಿರವಾಗುವುದು ಅದಕ್ಕೇ.

ಹೋಂವರ್ಕ್ ವಿಷಯದಲ್ಲಿ ಒಂದೇ ನಿಯಮ: ಪೆನ್ಸಿಲ್ ಮಗುವಿನ ಕೈಯಲ್ಲಿಯೇ ಇರಬೇಕು. ನಾಳೆಯೇ ಒಪ್ಪಿಸಬೇಕು ಎಂಬ ಅವಸರದಲ್ಲಿ ಮಾರ್ಗದರ್ಶಕರೇ ಉತ್ತರ ಬರೆಸಿಬಿಡುವುದು ಅತಿ ಸಾಮಾನ್ಯ ತಪ್ಪು. ಅರ್ಧ ಉಳಿದರೆ ಅರ್ಧವೇ ಉಳಿಯಲಿ. ಎಲ್ಲಿ ಸಿಕ್ಕಿಕೊಂಡಿತು ಎಂದು ಶಿಕ್ಷಕಿಗೆ ಹೇಳಲು ಮಗುವಿಗೆ ಕಲಿಸಿದರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಹೊಗಳುವುದಾದರೆ ಕೆಲಸವನ್ನು ಹೊಗಳಿ. ‘ನೀನು ಜಾಣೆ’ ಎನ್ನುವ ಬದಲು ‘ಮೊದಲ ದಾರಿ ಸರಿಹೋಗಲಿಲ್ಲ ಎಂದು ನೀನೇ ಕಂಡುಕೊಂಡು ಬೇರೆ ದಾರಿ ಹಿಡಿದೆ’ ಎನ್ನಿ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಸಮಸ್ಯೆಯಲ್ಲಿ ಸೋತಾಗ, ಶ್ರಮಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು.

ಅಂದ ಹಾಗೆ, ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ಹೇಳುತ್ತೇವೆ ಎನ್ನುವ ಪರೀಕ್ಷೆಗಳಿಗೆ ಹಣ ಸುರಿಯಬೇಡಿ, ಪೋಷಕರಿಗೂ ಸೂಚಿಸಬೇಡಿ; ಅವಕ್ಕೆ ವೈಜ್ಞಾನಿಕ ಆಧಾರವಿಲ್ಲ. ಮಗು ‘ನೋಡಿ ಕಲಿಯುವುದೋ, ಕೇಳಿ ಕಲಿಯುವುದೋ’ ಎಂದು ವಿಂಗಡಿಸುವ ಪ್ರಶ್ನಾವಳಿಗಳೂ ಬೇಡ. ಹಾಗೆ ವಿಂಗಡಿಸಿ ಕಲಿಸುವುದರಿಂದ ಲಾಭವಿದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿಯೇ ತೋರಿಸಿದ್ದಾರೆ. ‘ಗುರಿ ಸಾಧನೆ’ ಎಂಬ ಹೆಸರಿನ ಅಚ್ಚುಹಾಕಿದ ಹಾಳೆಗಳಿಗಿಂತ ಖಾಲಿ ನೋಟ್‌ಪುಸ್ತಕ ಎಷ್ಟೋ ಮೇಲು.

ಮಗು ಗುಟ್ಟು ಹೇಳಿದಾಗ

‘ಯಾರಿಗೂ ಹೇಳುವುದಿಲ್ಲ ಎಂದರೆ ಒಂದು ವಿಷಯ ಹೇಳುತ್ತೇನೆ’ ಎಂದು ಮಗು ಒಂದು ದಿನ ಕೇಳಬಹುದು. ಆ ಮಾತು ಕೊಡಬೇಡಿ. ‘ನಿನಗೆ ತೊಂದರೆಯಾಗುವಂಥದ್ದಾದರೆ ನಿನಗೆ ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕು, ಅವರನ್ನು ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ. ಮೊದಲ ಭೇಟಿಯಲ್ಲಿಯೇ ಹೇಳಿಟ್ಟಿದ್ದರೆ ಇನ್ನೂ ಒಳ್ಳೆಯದು. ಹೊಡೆತ, ಕಿರುಕುಳ, ಹಸಿವು ಇಂಥದ್ದೇನಾದರೂ ತಿಳಿದರೆ ಗಾಬರಿ ತೋರಿಸದೆ ಕೇಳಿಸಿಕೊಳ್ಳಿ. ಕೆದಕಿ ಕೆದಕಿ ಪ್ರಶ್ನಿಸಬೇಡಿ, ನೀವೇ ಪದಗಳನ್ನು ಬಾಯಿಗೆ ಹಾಕಬೇಡಿ. ‘ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ’ ಎನ್ನಿ. ಮಗು ಬಳಸಿದ ಪದಗಳಲ್ಲಿಯೇ ಬರೆದಿಟ್ಟು, ಅಂದೇ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತ ಶಿಕ್ಷಕರಿಗೆ ಅಥವಾ ಮುಖ್ಯ ಶಿಕ್ಷಕರಿಗೆ ತಿಳಿಸಿ. ನೀವೇ ಮನೆಗೆ ಹೋಗಿ ವಿಚಾರಿಸುವ ಸಾಹಸ ಬೇಡವೇ ಬೇಡ. ಅದರ ಪರಿಣಾಮ ಅನುಭವಿಸುವುದು ಮಗು.

ನಡುವಿನ ತಿಂಗಳುಗಳು

ಬರಲಾಗದ ದಿನ ಮುಂಚಿತವಾಗಿ ಶಾಲೆಗೆ ತಿಳಿಸಿ, ಮಗುವಿಗೆ ಆ ವಿಷಯ ತಲುಪಿತೇ ಎಂದು ಖಚಿತಪಡಿಸಿಕೊಳ್ಳಿ. ದುಬಾರಿ ಉಡುಗೊರೆ ಬೇಡ, ಮಗುವಿನೊಂದಿಗೆ ಖಾಸಗಿ ಸಂದೇಶ ವಿನಿಮಯ ಬೇಡ, ಫೋಟೊ ತೆಗೆದು ಹಂಚಿಕೊಳ್ಳುವುದಂತೂ ಬೇಡವೇ ಬೇಡ. ಅಂಕ ಏರಲಿಲ್ಲವೆಂದು ಬೇಸರಪಡಬೇಡಿ. ಹಿಂದಿನ ವಾರ ಕೇಳದ ಪ್ರಶ್ನೆಯನ್ನು ಈ ವಾರ ಕೇಳಿತೇ ಎಂದು ಗಮನಿಸಿ.

ಮುಗಿಸುವುದು

ಕೊನೆಯ ದಿನ ದಿಢೀರನೆ ಬರಬಾರದು. ಒಂದು ತಿಂಗಳು ಮೊದಲೇ ‘ಇನ್ನು ನಾಲ್ಕು ಭೇಟಿಗಳಿವೆ’ ಎಂದು ಹೇಳಿ, ಪ್ರತಿ ವಾರ ನೆನಪಿಸಿ. ಮಗು ಮುನಿಸಿಕೊಳ್ಳಬಹುದು, ಒಂದು ವಾರ ಬಾರದೆಯೂ ಇರಬಹುದು. ನೀವು ಮಾತ್ರ ತಪ್ಪಿಸಬೇಡಿ. ‘ಆಗಾಗ ಬಂದು ನೋಡುತ್ತೇನೆ’ ಎಂಬ ಮಾತನ್ನು, ಖಂಡಿತ ಬರುವುದಾದರೆ ದಿನಾಂಕದ ಸಮೇತ ಹೇಳಿ; ಇಲ್ಲವಾದರೆ ಹೇಳಲೇಬೇಡಿ. ಮುಂದಿನ ವರ್ಷ ಬೇರೊಬ್ಬ ಮಾರ್ಗದರ್ಶಕರು ಬರುವುದಿದ್ದರೆ ಅವರನ್ನು ಕೊನೆಯ ಭೇಟಿಗೆ ಕರೆಯಬೇಡಿ. ಅದರ ಹಿಂದಿನ ಭೇಟಿಗೆ ಕರೆತಂದು ಪರಿಚಯಿಸಿ, ಕೊನೆಯ ಗಂಟೆಯನ್ನು ನಿಮ್ಮಿಬ್ಬರಿಗೇ ಉಳಿಸಿಕೊಳ್ಳಿ.