ಸ್ಟ್ರೂಪ್ ಟೆಸ್ಟ್ ಮನೆಯಲ್ಲೇ ಮಾಡೋದು ಹೇಗೆ, ಕನ್ನಡದಲ್ಲೂ ಮಲಯಾಳದಲ್ಲೂ

ಸ್ಟ್ರೂಪ್ ಟೆಸ್ಟ್ ಅಂದ್ರೆ ಒಂದು ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಪದ ಓದದೆ ಶಾಯಿಯ ಬಣ್ಣ ಹೇಳಿಸುವ ಪರೀಕ್ಷೆ. ನಮ್ಮ ಕಾಸರಗೋಡಿನ ಮಕ್ಕಳು ಶಾಲೆಯಲ್ಲಿ ಕನ್ನಡ ಓದ್ತಾರೆ, ಬಸ್ಸಿನ ಬೋರ್ಡು ಮಲಯಾಳದಲ್ಲಿ ಓದ್ತಾರೆ, ಮನೇಲಿ ತುಳುವೋ ಹವ್ಯಕವೋ ಕೊಂಕಣಿಯೋ. ಮನಸ್ಸು ಒಂದನ್ನು ತಡೆದು ಇನ್ನೊಂದನ್ನು ಹೇಗೆ ಹಿಡೀತದೆ ಅಂತ ನೋಡ್ಲಿಕ್ಕೆ ಇದಕ್ಕಿಂತ ಒಳ್ಳೆ ಜಾಗ ಸಿಗ್ಲಿಕ್ಕಿಲ್ಲ, ಅದಕ್ಕೆ ಲ್ಯಾಬೂ ಬೇಡ, ನಾಲ್ಕು ಸ್ಕೆಚ್ ಪೆನ್ನು, ಮೂರು ಬಿಳಿ ಹಾಳೆ, ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಪೆನ್ನು ಕೆಂಪು, ಹಸಿರು, ನೀಲಿ, ಕಪ್ಪು ತಗೊಳ್ಳಿ. ಹಳದಿ ಬೇಡ, ಬಿಳಿ ಹಾಳೇಲಿ ಸರಿ ಕಾಣೋದಿಲ್ಲ. ಒಂದನೇ ಹಾಳೆಯಲ್ಲಿ ಬರೀ ಬಣ್ಣದ ಚೌಕ, 40, ಒಂದೊಂದು ಬಣ್ಣ ಹತ್ತು ಸಲ. ಎರಡನೇದರಲ್ಲಿ ಚೌಕದ ಬದಲು ಬಣ್ಣದ ಹೆಸರು ಕನ್ನಡದಲ್ಲಿ, ಆದ್ರೆ ಯಾವ ಹೆಸರನ್ನೂ ಅದೇ ಬಣ್ಣದ ಪೆನ್ನಲ್ಲಿ ಬರೀಬಾರ್ದು, ಕೆಂಪು ಅಂತ ನೀಲಿ ಪೆನ್ನಲ್ಲಿ, ಹಸಿರು ಅಂತ ಕಪ್ಪು ಪೆನ್ನಲ್ಲಿ, ಹೀಗೆ. ಮೂರನೇದೂ ಹಾಗೆಯೇ, ಮಲಯಾಳ ಲಿಪಿಯಲ್ಲಿ ಚುವಪ್ಪ್, ಪಚ್ಚ, ನೀಲ, ಕರುಪ್ಪ್. ಒಂದೇ ಬಣ್ಣ ಒತ್ತೊತ್ತಿಗೆ ಬರದ ಹಾಗೆ ನೋಡ್ಕೊಳ್ಳಿ, ಅಕ್ಷರದ ಗಾತ್ರವೂ ಒಂದೇ ಇರ್ಲಿ.

ಮಗು ಪದ ಓದ್ಬಾರ್ದು, ಶಾಯಿಯ ಬಣ್ಣ ಯಾವುದು ಅಂತ ಕನ್ನಡದಲ್ಲಿ ಜೋರಾಗಿ ಹೇಳ್ತಾ ಹೋಗ್ಬೇಕು, ತಪ್ಪಿದ್ರೆ ಅಲ್ಲೇ ಸರಿಮಾಡಿ ಮುಂದೆ. ಚೌಕದ ಹಾಳೆಯಲ್ಲೇ ಕೆಂಪು ಹಸಿರು ಅದಲುಬದಲು ಮಾಡಿದ್ರೆ ಬಣ್ಣಗುರುಡು ಇರಬಹುದು, ಆ ಮಗುವಿಗೆ ಈ ಟೆಸ್ಟ್ ಬೇಡ, ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣು ಅರೆಮುಚ್ಚಿ ಅಕ್ಷರ ಮಸುಕು ಮಾಡ್ಕೊಂಡು ಹೇಳುವ ಜಾಣರೂ ಇರ್ತಾರೆ, ನೋಡ್ತಾ ಇರಿ. ಒಂದಕ್ಕಿಂತ ಹೆಚ್ಚು ಮಕ್ಕಳಿದ್ರೆ ಅರ್ಧ ಜನ ಕನ್ನಡ ಹಾಳೆ ಮೊದಲು, ಉಳಿದವ್ರು ಮಲಯಾಳ ಮೊದಲು, ಇಲ್ಲದಿದ್ರೆ ಕೊನೇ ಹಾಳೆ ಬರೀ ಅಭ್ಯಾಸದಿಂದಲೇ ಬೇಗ ಮುಗೀತದೆ.

ಪ್ರತಿ ಹಾಳೆ ಮುಗೀಲಿಕ್ಕೆ ಎಷ್ಟು ಸೆಕೆಂಡು ಅಂತ ಬರ್ಕೊಳ್ಳಿ. ಎರಡನೇ ಹಾಳೆಯ ಸೆಕೆಂಡಿನಿಂದ ಒಂದನೇದರದ್ದು ಕಳೀರಿ, ಉಳಿದದ್ದು ತೊಡಕು, ಅಂದ್ರೆ ಪದ ಅಡ್ಡ ಬಂದದ್ದಕ್ಕೆ ಹಿಡಿದ ಹೆಚ್ಚಿನ ಹೊತ್ತು. ಮೂರನೇದಕ್ಕೂ ಹಾಗೆಯೇ. ಈ ಟೆಸ್ಟಿಗೆ ಯಾರ ಹೆಸರು ಉಂಟೋ ಆ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 100 ಚೌಕಕ್ಕೆ ಸರಾಸರಿ 63.3 ಸೆಕೆಂಡು, ಪದ ಬೇರೆ ಶಾಯಿ ಬೇರೆ ಇದ್ದ ಹಾಳೆಗೆ 110.3 ಸೆಕೆಂಡು ಹಿಡಿದಿತ್ತು. ಓದೋದು ನಮಗೆ ಅಷ್ಟು ರೂಢಿಯಾಗಿಬಿಟ್ಟಿದೆ, ಬೇಡ ಅಂದ್ರೂ ಪದವೇ ಬಾಯಿಗೆ ಬರ್ತದೆ, ಅದನ್ನು ತಡೆದು ಬಣ್ಣ ಹೇಳ್ಲಿಕ್ಕೆ ಹೊತ್ತು ಬೇಕು. ಅಕ್ಷರ ಗೊತ್ತಿಲ್ಲದ ಅಂಗನವಾಡಿ ಮಗುವಿಗೆ ಈ ತೊಡಕೇ ಇಲ್ಲ.

ದಯವಿಟ್ಟು ಇದನ್ನು ಬುದ್ಧಿಯ ಮಾರ್ಕು ಮಾಡ್ಬೇಡಿ. ಮನಃಶಾಸ್ತ್ರಜ್ಞರಾದ ನವೋಮಿ ಫ್ರೀಡ್‌ಮನ್, ಅಕಿರಾ ಮಿಯಾಕೆ ಮತ್ತೆ ಅವರ ಜೊತೆಯವರು 2006ರಲ್ಲಿ ತೋರಿಸಿದ್ದು ಎಂತ ಹೇಳಿದ್ರೆ, ಮನಸ್ಸಲ್ಲಿಟ್ಟ ಮಾಹಿತಿಯನ್ನು ಆಗಾಗ ಹೊಸದು ಮಾಡ್ಕೊಳ್ಳುವ ಸಾಮರ್ಥ್ಯಕ್ಕೂ ಬುದ್ಧಿಮತ್ತೆಗೂ ಗಟ್ಟಿ ಸಂಬಂಧ ಉಂಟು, ಈ ತಡೆಯುವ ಸಾಮರ್ಥ್ಯಕ್ಕೆ ಅಷ್ಟಿಲ್ಲ. 2018ರಲ್ಲಿ ಹೆಜ್, ಪೊವೆಲ್, ಸಮ್ನರ್ ಮೂವರೂ ಇನ್ನೊಂದು ಹೇಳಿದ್ರು, ಇಂಥ ಪರೀಕ್ಷೆಯಲ್ಲಿ ಗುಂಪಿನ ಫಲಿತಾಂಶ ಗಟ್ಟಿ, ಆದ್ರೆ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸ್ಲಿಕ್ಕೆ ಅಷ್ಟು ನಂಬಿಕೆಯದ್ದಲ್ಲ. ಹಾಗಾಗಿ ಅಕ್ಕ ತಮ್ಮನ ಸೆಕೆಂಡು ಪಕ್ಕಪಕ್ಕ ಇಟ್ಟು ಯಾರು ಹುಷಾರು ಅಂತ ಹೇಳೋದು ಅನ್ಯಾಯ, ಒಂದೇ ಮಗುವಿನ ಮೂರು ಹಾಳೆ ಹೋಲಿಸಿ.

ನನಗೆ ಎಲ್ಲಕ್ಕಿಂತ ಖುಷಿ ಮೂರನೇ ಹಾಳೆ. ಪ್ರೆಸ್ಟನ್ ಮತ್ತು ಲ್ಯಾಂಬರ್ಟ್ 1969ರಲ್ಲಿ ಎರಡು ಭಾಷೆ ಬಲ್ಲವರಲ್ಲಿ ಕಂಡದ್ದು, ಬರೆದ ಪದವೂ ಹೇಳುವ ಉತ್ತರವೂ ಒಂದೇ ಭಾಷೆಯಾದ್ರೆ ತೊಡಕು ಜಾಸ್ತಿ, ಭಾಷೆ ಬೇರೆಯಾದ್ರೆ ಕಮ್ಮಿ ಆಗ್ತದೆ, ಆದ್ರೆ ಪೂರ್ತಿ ಹೋಗೋದಿಲ್ಲ. ಪದಗಳ ರೂಪ ಹತ್ತಿರ ಇದ್ರೆ ಮತ್ತೆ ಹೆಚ್ಚಾಗ್ತದೆ, ನೀಲ, ಕರುಪ್ಪ್ ಬಂದಲ್ಲಿ ಮಗು ಎಡವುತ್ತದಾ ಅಂತ ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳಿ. ಇನ್ನೊಂದು ದಿನ ಅದೇ ಹಾಳೆಗಳಿಗೆ ಉತ್ತರ ಮಲಯಾಳದಲ್ಲಿ ಹೇಳಿಸಿ, ಆಗ ಚೌಕದ ಹಾಳೆಯನ್ನೂ ಮಲಯಾಳದಲ್ಲೇ ಹೇಳಿಸ್ಬೇಕು, ಇಲ್ಲದಿದ್ರೆ ಕಳೀಲಿಕ್ಕೆ ಸರಿಯಾದ ಲೆಕ್ಕ ಇರೋದಿಲ್ಲ.